ವೃತ್ತಿಪರ ಪ್ರವಾಸಿ ಮಾರ್ಗದರ್ಶಿಯಾಗಲು ಬೇಕಾದ ತರಬೇತಿ ಮತ್ತು ಅರ್ಹತೆ

ಪ್ರವಾಸಿ ಮಾರ್ಗದರ್ಶಿಯಾಗಬೇಕೆಂದು ಹೊರಟವರು ಸಾಮಾನ್ಯವಾಗಿ ಮೊದಲು ಕೇಳುವ ಪ್ರಶ್ನೆ ಯಾವ ಕೋರ್ಸಿಗೆ ಸೇರಬೇಕು ಎಂಬುದು. ಅದಕ್ಕಿಂತ ಮುಂಚೆ ಎರಡು ವಿಷಯಗಳು ಇತ್ಯರ್ಥವಾಗಬೇಕು: ಯಾವ ಪ್ರದೇಶದಲ್ಲಿ ಕೆಲಸ ಮಾಡುವುದು, ಯಾವ ಭಾಷೆಯಲ್ಲಿ ಮಾತನಾಡುವುದು. ಬೇರೆ ಹಲವು ವೃತ್ತಿಗಳಲ್ಲಿ ಪಡೆದ ಪದವಿ ಊರು ಬದಲಾದರೂ ಜೊತೆಯಲ್ಲೇ ಬರುತ್ತದೆ. ಮಾರ್ಗದರ್ಶಿಯ ಅರ್ಹತೆ ಹಾಗಲ್ಲ, ಅದು ನೆಲಕ್ಕೆ ಅಂಟಿಕೊಂಡದ್ದು. ಯುರೋಪಿನಲ್ಲಿ 2003ರಲ್ಲಿ ಪ್ರಕಟವಾದ ಇಎನ್ 13809 ಎಂಬ ಮಾನಕವು ಪ್ರವಾಸಿ ಮಾರ್ಗದರ್ಶಿ ಎಂದರೆ ಯಾರು ಎಂಬುದನ್ನು ವಿವರಿಸುವಾಗ ಮೂರು ಅಂಶಗಳನ್ನು ಹೇಳುತ್ತದೆ. ಬಂದವರು ಆಯ್ದುಕೊಂಡ ಭಾಷೆಯಲ್ಲಿ ಅವರನ್ನು ಕರೆದೊಯ್ಯುವವರು, ಆ ಪ್ರದೇಶದ ಸಾಂಸ್ಕೃತಿಕ ಮತ್ತು ನೈಸರ್ಗಿಕ ಪರಂಪರೆಯನ್ನು ಅರ್ಥಮಾಡಿಸುವವರು, ಮತ್ತು ಸಾಮಾನ್ಯವಾಗಿ ಆ ಪ್ರದೇಶಕ್ಕೇ ಸೀಮಿತವಾದ, ಸಂಬಂಧಪಟ್ಟ ಪ್ರಾಧಿಕಾರ ಕೊಟ್ಟ ಅಥವಾ ಮಾನ್ಯ ಮಾಡಿದ ಅರ್ಹತೆಯನ್ನು ಹೊಂದಿರುವವರು. ಈ ಮೂರನೆಯ ಅಂಶವನ್ನು ಗಮನಿಸದೆ ದುಬಾರಿ ಶುಲ್ಕ ಕಟ್ಟಿ ಎಲ್ಲಿಗೂ ಸಲ್ಲದ ಪ್ರಮಾಣಪತ್ರ ಪಡೆದು ಕುಳಿತವರು ಕಡಿಮೆಯೇನಿಲ್ಲ.

ಇನ್ನೊಂದು ಗೊಂದಲವನ್ನೂ ಆರಂಭದಲ್ಲೇ ಬಿಡಿಸಿಕೊಳ್ಳುವುದು ಒಳ್ಳೆಯದು. ಪ್ರವಾಸದ ತಂಡವೊಂದರ ಜೊತೆ ಮೊದಲ ದಿನದಿಂದ ಕೊನೆಯ ದಿನದವರೆಗೆ ಇದ್ದು, ಹೋಟೆಲು, ವಾಹನ, ಟಿಕೆಟ್ಟು, ವೇಳಾಪಟ್ಟಿಗಳನ್ನು ನೋಡಿಕೊಳ್ಳುವವರು ಟೂರ್ ಮ್ಯಾನೇಜರ್. ಒಂದು ಊರಿನ, ಒಂದು ಸ್ಮಾರಕದ ಅಥವಾ ಒಂದು ಅರಣ್ಯದ ಕಥೆಯನ್ನು ಬಲ್ಲವರಾಗಿ, ಕೆಲವು ಗಂಟೆಗಳೋ ಒಂದು ದಿನವೋ ಆ ತಂಡವನ್ನು ತಮ್ಮ ಸುಪರ್ದಿಗೆ ತೆಗೆದುಕೊಳ್ಳುವವರು ಮಾರ್ಗದರ್ಶಿ, ಅಂದರೆ ಗೈಡ್. ಮೊದಲನೆಯದಕ್ಕೆ ವ್ಯವಸ್ಥಾಪನೆಯ ಚಾತುರ್ಯ ಮುಖ್ಯ, ಎರಡನೆಯದಕ್ಕೆ ಸ್ಥಳಜ್ಞಾನ ಮತ್ತು ಮಾತು. ಇಬ್ಬರ ತರಬೇತಿಯೂ ಪರವಾನಗಿಯ ನಿಯಮಗಳೂ ಬೇರೆ ಬೇರೆ. ಈ ಲೇಖನದ ವಿಷಯ ಎರಡನೆಯವರದು.

ಮೊದಲ ಕೆಲಸ: ಕಾನೂನು ಏನು ಹೇಳುತ್ತದೆ ಎಂದು ತಿಳಿಯುವುದು

ಮಾರ್ಗದರ್ಶಿಯ ಕೆಲಸಕ್ಕೆ ಪರವಾನಗಿ ಬೇಕೇ ಎಂಬುದಕ್ಕೆ ಜಗತ್ತಿನಲ್ಲಿ ಒಂದೇ ಉತ್ತರವಿಲ್ಲ. ಟರ್ಕಿಯಲ್ಲಿ 2012ರಿಂದ ಈ ವೃತ್ತಿಗೆಂದೇ ಪ್ರತ್ಯೇಕ ಕಾನೂನು ಇದೆ. ಪರವಾನಗಿ ಇಲ್ಲದೆ ಅಲ್ಲಿ ಈ ಕೆಲಸ ಮಾಡುವಂತಿಲ್ಲ. ಇಟಲಿಯಲ್ಲಿ ಬಹುಕಾಲ ಒಂದೊಂದು ಪ್ರಾಂತ್ಯದಲ್ಲಿ ಒಂದೊಂದು ಪದ್ಧತಿಯಿತ್ತು; 2023ರ ಡಿಸೆಂಬರಿನಲ್ಲಿ ಬಂದ ಕಾನೂನು ಇಡೀ ದೇಶಕ್ಕೆ ಒಂದು ಪರೀಕ್ಷೆಯನ್ನೂ ಒಂದು ನೋಂದಣಿ ಪಟ್ಟಿಯನ್ನೂ ತಂದಿತು. ಜಪಾನಿನಲ್ಲಿ 1949ರ ಕಾನೂನಿನ ಪ್ರಕಾರ ರಾಷ್ಟ್ರೀಯ ಪರೀಕ್ಷೆಯಲ್ಲಿ ತೇರ್ಗಡೆಯಾದವರು ಮಾತ್ರ ಹಣ ಪಡೆದು ವಿದೇಶಿ ಭಾಷೆಯಲ್ಲಿ ಮಾರ್ಗದರ್ಶನ ಮಾಡಬಹುದಿತ್ತು. 2018ರಲ್ಲಿ ಜಾರಿಗೆ ಬಂದ ತಿದ್ದುಪಡಿ ಆ ಏಕಸ್ವಾಮ್ಯವನ್ನು ತೆಗೆದುಹಾಕಿತಾದರೂ ಪರೀಕ್ಷೆಯನ್ನೂ ಆ ಬಿರುದಿನ ರಕ್ಷಣೆಯನ್ನೂ ಉಳಿಸಿಕೊಂಡಿತು.

ಅಮೆರಿಕದಲ್ಲಿ ನಗರದಿಂದ ನಗರಕ್ಕೆ ನಿಯಮ ಬದಲಾಗುತ್ತದೆ. ನ್ಯೂಯಾರ್ಕ್ ನಗರದ ಪರವಾನಗಿಗೆ 150 ಪ್ರಶ್ನೆಗಳ ಲಿಖಿತ ಪರೀಕ್ಷೆ ಇದೆ, ತೇರ್ಗಡೆಯಾಗಲು ಕನಿಷ್ಠ 97 ಸರಿಯುತ್ತರಗಳು ಬೇಕು. ವಾಷಿಂಗ್ಟನ್ ನಗರದಲ್ಲಿ ಇದ್ದ ಇಂಥದೇ ಪರೀಕ್ಷೆಯ ನಿಯಮವನ್ನು, ಅದು ವಾಕ್ ಸ್ವಾತಂತ್ರ್ಯಕ್ಕೆ ವಿರುದ್ಧವಾದದ್ದು ಎಂಬ ಕಾರಣಕ್ಕೆ, 2014ರಲ್ಲಿ ಮೇಲ್ಮನವಿ ನ್ಯಾಯಾಲಯ ರದ್ದುಪಡಿಸಿತು. ಅದೇ ವರ್ಷ ಇನ್ನೊಂದು ಮೇಲ್ಮನವಿ ನ್ಯಾಯಾಲಯವು ನ್ಯೂ ಆರ್ಲಿಯನ್ಸ್ ನಗರದ ಪರವಾನಗಿ ನಿಯಮವನ್ನು ಎತ್ತಿಹಿಡಿಯಿತು. ಹೀಗಾಗಿ ಐದು ವರ್ಷದ ಹಿಂದೆ ಗೈಡ್ ಆದವರ ಮಾತನ್ನು ನಂಬಿ ಹೊರಡಬಾರದು. ಸ್ಥಳೀಯ ಪ್ರವಾಸೋದ್ಯಮ ಇಲಾಖೆಯ ಅಥವಾ ನಗರಾಡಳಿತದ ಈಗಿನ ನಿಯಮವನ್ನು ನೀವೇ ಓದಬೇಕು.

ಕಾನೂನಿನ ಒತ್ತಾಯ ಇಲ್ಲದ ಕಡೆಯೂ ಅರ್ಹತೆಗೆ ಬೆಲೆಯಿದೆ ಎಂಬುದಕ್ಕೆ ಬ್ರಿಟನ್ ಒಳ್ಳೆಯ ಉದಾಹರಣೆ. ಅಲ್ಲಿ ಬೀದಿಯಲ್ಲಿ ನಿಂತು ಊರಿನ ಕಥೆ ಹೇಳಲು ಯಾರ ಅಪ್ಪಣೆಯೂ ಬೇಕಿಲ್ಲ. ಆದರೆ ನೀಲಿ ಬ್ಯಾಡ್ಜ್ ಎಂದು ಹೆಸರಾದ ಅರ್ಹತೆ ಪಡೆದವರಿಗೆ ಮಾತ್ರ ವೆಸ್ಟ್‌ಮಿನ್‌ಸ್ಟರ್ ಅಬೆಯಂಥ ಕೆಲವು ಕಟ್ಟಡಗಳ ಒಳಗೆ ಮಾರ್ಗದರ್ಶನ ಮಾಡಲು ಅವಕಾಶವಿದೆ, ದೊಡ್ಡ ಪ್ರವಾಸ ಸಂಸ್ಥೆಗಳೂ ಕೆಲಸ ಕೊಡುವಾಗ ಆ ಬ್ಯಾಡ್ಜನ್ನೇ ಕೇಳುತ್ತವೆ. ಆದ್ದರಿಂದ ಇಲಾಖೆಯ ಬಾಗಿಲಿಗೆ ಹೋದಾಗ ಪರವಾನಗಿ ಬೇಕೇ ಎಂದಷ್ಟೇ ಕೇಳಿ ಬರಬೇಡಿ. ಆ ಪರವಾನಗಿ ಯಾವ ಗಡಿಯವರೆಗೆ ಸಲ್ಲುತ್ತದೆ, ಸಂರಕ್ಷಿತ ಸ್ಮಾರಕಗಳು, ವಸ್ತುಸಂಗ್ರಹಾಲಯಗಳು, ಅರಣ್ಯಗಳ ಒಳಗೆ ಬೇರೆ ಅನುಮತಿ ಬೇಕೇ, ಕನಿಷ್ಠ ವಯಸ್ಸು ಮತ್ತು ವಿದ್ಯಾಭ್ಯಾಸ ಎಷ್ಟು, ಪೊಲೀಸ್ ಪರಿಶೀಲನೆ ಅಥವಾ ವೈದ್ಯಕೀಯ ಪ್ರಮಾಣಪತ್ರ ಬೇಕೇ, ಎಷ್ಟು ವರ್ಷಕ್ಕೊಮ್ಮೆ ನವೀಕರಿಸಬೇಕು ಎಂಬುದನ್ನೆಲ್ಲ ಬರೆದುಕೊಂಡು ಬನ್ನಿ.

ಭಾಷೆ

ಭಾಷೆ ಬರುತ್ತದೆ ಎನ್ನುವುದಕ್ಕೂ ಆ ಭಾಷೆಯಲ್ಲಿ ಮಾರ್ಗದರ್ಶನ ಮಾಡಬಲ್ಲೆ ಎನ್ನುವುದಕ್ಕೂ ದೊಡ್ಡ ಅಂತರವಿದೆ. ಯುರೋಪಿನಲ್ಲಿ ಭಾಷಾ ಸಾಮರ್ಥ್ಯವನ್ನು ಎ1ರಿಂದ ಸಿ2ರವರೆಗೆ ಆರು ಮಟ್ಟಗಳಲ್ಲಿ ಅಳೆಯುವ ಚೌಕಟ್ಟೊಂದಿದೆ. ಬೇರೆ ದೇಶಗಳೂ ಅದನ್ನು ಬಳಸುತ್ತವೆ. ವೃತ್ತಿಪರ ಮಾರ್ಗದರ್ಶಿಗೆ ಸಾಮಾನ್ಯವಾಗಿ ಅದರಲ್ಲಿ ಐದನೆಯದಾದ ಸಿ1 ಮಟ್ಟವನ್ನು ನಿರೀಕ್ಷಿಸುತ್ತಾರೆ. ಮೊದಲೇ ಬಾಯಿಪಾಠ ಮಾಡಿದ್ದನ್ನು ಒಪ್ಪಿಸಲು ಅಷ್ಟು ಬೇಕಿಲ್ಲ ನಿಜ, ಆದರೆ ಮಧ್ಯೆ ಯಾರೋ ಒಬ್ಬರು ತೊಲೆ, ಕಮಾನು, ತೆರಿಗೆ, ವಾರಸುದಾರಿಕೆ ಅಥವಾ ಕೀಲುನೋವಿನ ಬಗ್ಗೆ ಕೇಳಿದಾಗ ಬಾಯಿಪಾಠ ಕೈಕೊಡುತ್ತದೆ. ಹೊಸದಾಗಿ ಆರಂಭಿಸುವವರಿಗೆ ನನ್ನ ಸಲಹೆ ಇಷ್ಟೇ: ಮೂರು ಭಾಷೆಗಳನ್ನು ಅರ್ಧಂಬರ್ಧ ಕಲಿಯುವುದಕ್ಕಿಂತ ತಾಯ್ನುಡಿಯ ಜೊತೆಗೆ ಇನ್ನೊಂದೇ ಭಾಷೆಯನ್ನು ಗಟ್ಟಿಯಾಗಿ ಹಿಡಿಯಿರಿ, ಮತ್ತು ಆ ಪ್ರದೇಶಕ್ಕೆ ಪ್ರವಾಸಿಗರು ಬರುತ್ತಿದ್ದರೂ ಗೈಡುಗಳು ಸಾಲದಿರುವ ಭಾಷೆ ಯಾವುದೆಂದು ಮೊದಲು ವಿಚಾರಿಸಿರಿ.

ಕೋರ್ಸನ್ನು ಆರಿಸುವುದು

ಕೆಲವು ದಿನಗಳ ಆನ್‌ಲೈನ್ ತರಬೇತಿಯಿಂದ ಹಿಡಿದು ವಿಶ್ವವಿದ್ಯಾಲಯದ ಪದವಿಯವರೆಗೆ ಎಲ್ಲ ಅಳತೆಯ ಕೋರ್ಸುಗಳೂ ಇವೆ. ಅವುಗಳನ್ನು ತೂಗಿ ನೋಡಲು ಒಂದು ಅಳತೆಗೋಲು ಬೇಕೆಂದರೆ 2008ರಲ್ಲಿ ಬಂದ ಇಎನ್ 15565 ಎಂಬ ಯುರೋಪಿಯನ್ ಮಾನಕವನ್ನು ಹಿಡಿಯಬಹುದು. ಮಾರ್ಗದರ್ಶಿಗಳ ತರಬೇತಿಗೆ ಕನಿಷ್ಠ 600 ಬೋಧನಾ ಘಟಕಗಳು, ಅಂದರೆ ಪಾಠದ ಅವಧಿಗಳು, ಇರಬೇಕು, ಅದರಲ್ಲಿ ಶೇಕಡಾ 40ರಷ್ಟು ಪ್ರಾಯೋಗಿಕವಾಗಿರಬೇಕು ಎಂದು ಅದು ಹೇಳುತ್ತದೆ. ಲಂಡನ್ನಿನ ನೀಲಿ ಬ್ಯಾಡ್ಜಿನ ಕೋರ್ಸು ಸುಮಾರು ಎರಡು ವರ್ಷ ಹಿಡಿಯುತ್ತದೆ. ನಿಮ್ಮ ಕೈಗೆಟಕುವ ಕೋರ್ಸು ಇಷ್ಟು ದೀರ್ಘವಾಗಿರಲಾರದು, ಇರಲೇಬೇಕೆಂದೂ ಇಲ್ಲ. ಆದರೆ ಆ ಶೇಕಡಾ 40ರ ಮಾತನ್ನು ಮಾತ್ರ ಬಿಡಬೇಡಿ. ಸೇರುವ ಮುನ್ನ ವೇಳಾಪಟ್ಟಿಯನ್ನು ಕೇಳಿ ಪಡೆದು, ಕೊಠಡಿಯ ಹೊರಗೆ ಎಷ್ಟು ಗಂಟೆಗಳು, ಅದರಲ್ಲಿ ವಿದ್ಯಾರ್ಥಿಯೇ ಮೈಕು ಹಿಡಿದು ಮಾತನಾಡುವ ಸಮಯ ಎಷ್ಟು ಎಂದು ಲೆಕ್ಕ ಹಾಕಿ. ಇಪ್ಪತ್ತು ಮಂದಿ ವಿದ್ಯಾರ್ಥಿಗಳು ಒಬ್ಬ ಅಧ್ಯಾಪಕರ ಹಿಂದೆ ನಡೆದುಕೊಂಡು ಹೋಗುವುದು ಪ್ರವಾಸವಾದೀತೇ ಹೊರತು ತರಬೇತಿಯಾಗದು.

ಕಲಿಸುವವರಲ್ಲಿ ಈಗಲೂ ಗೈಡ್ ಕೆಲಸ ಮಾಡುತ್ತಿರುವವರು ಇದ್ದಾರೆಯೇ, ಕೋರ್ಸಿನ ಕೊನೆಯ ಪರೀಕ್ಷೆಯನ್ನು ಕಲಿಸಿದವರೇ ನಡೆಸುತ್ತಾರೋ ಹೊರಗಿನವರೋ, ಪ್ರಮಾಣಪತ್ರವನ್ನು ಪರವಾನಗಿ ಕೊಡುವ ಪ್ರಾಧಿಕಾರ ಒಪ್ಪುತ್ತದೆಯೋ ಎಂಬ ಮೂರು ಪ್ರಶ್ನೆಗಳಿಗೂ ಉತ್ತರ ಪಡೆಯಿರಿ. ಇತಿಹಾಸ, ಪುರಾತತ್ವ, ಕಲೆ, ಪರಿಸರ ವಿಜ್ಞಾನಗಳಲ್ಲಿ ಪದವಿ ಇದ್ದರೆ ಅನುಕೂಲ, ಕೆಲವು ದೇಶಗಳಲ್ಲಿ ಅದು ಕಡ್ಡಾಯವೂ ಹೌದು. ಕಡ್ಡಾಯವಲ್ಲದ ಕಡೆಗಳಲ್ಲಿ ಶಿಕ್ಷಕರು, ನಿವೃತ್ತ ಅಧಿಕಾರಿಗಳು, ನಟರು ಒಳ್ಳೆಯ ಮಾರ್ಗದರ್ಶಿಗಳಾಗಿರುವುದನ್ನು ಕಾಣುತ್ತೇವೆ. ಕೋರ್ಸಿಗೆ ಸೇರುವ ಮೊದಲೇ ನಾಲ್ಕೈದು ಗೈಡುಗಳ ಪ್ರವಾಸಗಳಿಗೆ ಹಣ ಕೊಟ್ಟು, ಸಾಮಾನ್ಯ ಪ್ರವಾಸಿಯಂತೆ ಹೋಗಿ ಬನ್ನಿ. ಎಲ್ಲಿ ನಿಮಗೆ ಬೇಸರವಾಯಿತು, ಎಲ್ಲಿ ಕಾಲು ನೋಯಿತು, ಮಾರನೆಯ ದಿನ ಏನು ನೆನಪಿನಲ್ಲಿ ಉಳಿಯಿತು ಎಂದು ಬರೆದಿಟ್ಟರೆ ಅದು ನಿಮ್ಮ ಮೊದಲ ಪಠ್ಯಪುಸ್ತಕ.

ಸ್ಥಳವನ್ನು ಓದುವ ಬಗೆ

ಇಲ್ಲಿ ಕೆಲವು ಮಾತು ಹೆಚ್ಚು ಬೇಕು. ಅಭ್ಯರ್ಥಿಗಳು ಸಾಮಾನ್ಯವಾಗಿ ರಾಜರ ಹೆಸರು ಮತ್ತು ಇಸವಿಗಳಿಂದ ಶುರುಮಾಡುತ್ತಾರೆ. ಪ್ರವಾಸಿಗರು ಕೇಳುವುದು ಬೇರೆಯೇ. ಈ ಕಲ್ಲು ಎಲ್ಲಿಂದ ಬಂತು, ಹೇಗೆ ಮೇಲೇರಿಸಿದರು, ಕಟ್ಟಿದವರಿಗೆ ಕೂಲಿ ಯಾರು ಕೊಟ್ಟರು, ಈ ಮರದ ಹೆಸರೇನು, ಅಲ್ಲಿ ಕಾಣುವ ಮನೆಯಲ್ಲಿ ಈಗ ಯಾರಿದ್ದಾರೆ, ಮಕ್ಕಳು ಶಾಲೆಗೆ ಎಷ್ಟು ದೂರ ಹೋಗುತ್ತಾರೆ. ಆದ್ದರಿಂದ ಓದನ್ನು ನೆಲದಿಂದಲೇ ಆರಂಭಿಸುವುದು ಲೇಸು: ಮೊದಲು ಭೂಮಿಯ ರಚನೆ, ನೀರು, ಮಣ್ಣು, ಬೆಳೆ, ಆಮೇಲೆ ಜನವಸತಿ, ವ್ಯಾಪಾರದ ದಾರಿಗಳು, ಆಡಳಿತ, ಧರ್ಮ, ಕಟ್ಟಡ, ಕಲೆ, ಕೊನೆಗೆ ಇವತ್ತಿನ ಶಿಕ್ಷಣ, ಉದ್ಯೋಗ, ರಾಜಕೀಯ. ಪ್ರವಾಸದ ಒಂದೊಂದು ನಿಲುಗಡೆಗೂ ಒಂದು ಕಾರ್ಡು ಮಾಡಿ, ಅದರಲ್ಲಿ ಪ್ರತಿ ಸಂಗತಿಯ ಎದುರಿಗೆ ಅದು ಎಲ್ಲಿ ಸಿಕ್ಕಿತು ಎಂದು ಬರೆಯಿರಿ. ಶಾಸನ, ಉತ್ಖನನ ವರದಿ, ದಾಖಲೆ, ಸಂಶೋಧನಾ ಗ್ರಂಥಗಳಿಂದ ಬಂದದ್ದು ಒಂದು ಬಣ್ಣದಲ್ಲಿ, ಸ್ಥಳೀಯರು ಹೇಳುವ ಐತಿಹ್ಯ ಇನ್ನೊಂದು ಬಣ್ಣದಲ್ಲಿ ಇರಲಿ.

ಈ ಎರಡು ಬಣ್ಣಗಳ ಅಗತ್ಯ ಬಹಳ ಹಳೆಯದು. ಕ್ರಿಸ್ತಪೂರ್ವ ಐದನೆಯ ಶತಮಾನದಲ್ಲಿ ಈಜಿಪ್ಟಿಗೆ ಹೋಗಿದ್ದ ಗ್ರೀಕ್ ಇತಿಹಾಸಕಾರ ಹೆರೊಡೋಟಸ್, ಪಿರಮಿಡ್ಡಿನ ಮೇಲಿನ ಬರಹವನ್ನು ದುಭಾಷಿಯೊಬ್ಬ ತನಗೆ ಓದಿ ಹೇಳಿದನೆಂದೂ, ಕೆಲಸಗಾರರ ಮೂಲಂಗಿ, ಈರುಳ್ಳಿ, ಬೆಳ್ಳುಳ್ಳಿಗೆ 1600 ಟ್ಯಾಲೆಂಟ್ (ಆ ಕಾಲದ ತೂಕದ ಅಳತೆ) ಬೆಳ್ಳಿ ಖರ್ಚಾಯಿತೆಂದು ಅದರಲ್ಲಿತ್ತೆಂದೂ ಬರೆದಿದ್ದಾನೆ. ಅಂಥ ಲೆಕ್ಕವನ್ನು ಅಲ್ಲಿ ಕೆತ್ತಿದ್ದರೆಂಬುದನ್ನು ಇಂದಿನ ವಿದ್ವಾಂಸರು ಅನುಮಾನದಿಂದಲೇ ನೋಡುತ್ತಾರೆ. ದುಭಾಷಿಗೆ ಬಹುಶಃ ಆ ಲಿಪಿ ಓದಲು ಬರುತ್ತಿರಲಿಲ್ಲ, ಗೊತ್ತಿಲ್ಲ ಎನ್ನಲು ಬಾಯಿ ಬರಲಿಲ್ಲ. ಐತಿಹ್ಯವನ್ನು ಹೇಳಬಾರದೆಂದಲ್ಲ, ಅದೂ ಆ ಊರಿನ ಆಸ್ತಿಯೇ; ಐತಿಹ್ಯವನ್ನು ಐತಿಹ್ಯವೆಂದೇ ಹೇಳಬೇಕು. ಉತ್ತರ ತಿಳಿಯದಿದ್ದರೆ ತಿಳಿಯದು ಎಂದು ಒಪ್ಪಿಕೊಂಡು, ಸಂಜೆಯೊಳಗೆ ಹುಡುಕಿ ತಿಳಿಸುವುದನ್ನು ತರಬೇತಿಯ ಕಾಲದಿಂದಲೇ ರೂಢಿ ಮಾಡಿಕೊಳ್ಳಬೇಕು.

ಹೀಗೆ ಕೂಡಿಟ್ಟ ಮೇಲೆ ಅದರಲ್ಲಿ ಬಹುಪಾಲನ್ನು ಬಿಡುವ ಕೆಲಸ ಬರುತ್ತದೆ, ಕಲಿಯಲು ಕಷ್ಟವಾದದ್ದು ಇದೇ. ಎರಡು ಗಂಟೆಯ ಕಾಲ್ನಡಿಗೆಯ ಪ್ರವಾಸದಲ್ಲಿ ನಡೆಯುವುದು, ರಸ್ತೆ ದಾಟುವುದು, ಹಿಂದುಳಿದವರಿಗೆ ಕಾಯುವುದು, ಫೋಟೊ, ಶೌಚಾಲಯ ಎಂದು ಸರಿಸುಮಾರು ಅರ್ಧ ಸಮಯ ಹೋಗುತ್ತದೆ. ಉಳಿದ ಅರುವತ್ತು ನಿಮಿಷಗಳನ್ನು ಹತ್ತು ನಿಲುಗಡೆಗಳಿಗೆ ಹಂಚಿದರೆ ಒಂದೊಂದಕ್ಕೆ ಆರು ನಿಮಿಷ. ಆರು ನಿಮಿಷದಲ್ಲಿ ಹೇಳಲಾಗುವುದು ಒಂದು ವಿಚಾರ, ಅದಕ್ಕೆ ಎರಡು ಆಧಾರ, ಒಂದು ಕಥೆ. ಇಡೀ ಪ್ರವಾಸಕ್ಕೆ ಒಂದು ಸೂತ್ರವಿದ್ದರೆ, ಉದಾಹರಣೆಗೆ ಈ ಊರು ಬೆಳೆದದ್ದು ನದಿಯಿಂದ, ಸೊರಗಿದ್ದೂ ನದಿಯಿಂದ ಎಂಬಂಥದ್ದು, ಯಾವುದನ್ನು ಬಿಡಬೇಕೆಂಬುದು ತಾನಾಗಿ ಹೊಳೆಯುತ್ತದೆ.

ನಿಲ್ಲುವುದು, ನಡೆಯುವುದು, ಮೈಕಿನಲ್ಲಿ ಮಾತನಾಡುವುದು

ಹೊಸಬರು ಪರೀಕ್ಷೆಯಲ್ಲಿ ಸೋಲುವುದು ಜ್ಞಾನದ ಕೊರತೆಯಿಂದಲ್ಲ, ನಿಂತ ಜಾಗದಿಂದ. ಬಿಸಿಲು ಗೈಡಿನ ಮುಖಕ್ಕೆ ಬೀಳಬೇಕು, ಪ್ರವಾಸಿಗರ ಕಣ್ಣಿಗೆ ಬೀಳಬಾರದು. ಎಲ್ಲರೂ ಬಂದು ಸೇರುವ ಮುನ್ನ ಮಾತು ಆರಂಭಿಸಬಾರದು. ನಡೆಯುತ್ತಾ ಮಹತ್ವದ ವಿಷಯ ಹೇಳಿದರೆ ಪಕ್ಕದಲ್ಲಿರುವ ಇಬ್ಬರಿಗೆ ಮಾತ್ರ ಕೇಳುತ್ತದೆ, ಉಳಿದವರು ಅದಕ್ಕೂ ಹಣ ಕೊಟ್ಟಿರುತ್ತಾರೆ. ವಸ್ತುವಿಗೆ ಮುಖ ಮಾಡದೆ ಜನರಿಗೆ ಮುಖ ಮಾಡಿ ಮಾತನಾಡಬೇಕು. ಎಡ, ಬಲಗಳನ್ನು ಹೇಳುವಾಗ ಪ್ರವಾಸಿಗರ ಎಡಬಲವನ್ನೇ ಹೇಳಬೇಕು. ಎದುರು ನಿಂತವರಿಗೆ ಇದು ತಿರುಗುಮುರುಗಾಗುವುದರಿಂದ ಅಭ್ಯಾಸವಿಲ್ಲದೆ ನಾಲಗೆಗೆ ಬರುವುದಿಲ್ಲ. ಬಂದು ನಿಂತ ಕೂಡಲೇ ಎಲ್ಲರ ಕಣ್ಣೂ ಯಾವುದರ ಮೇಲೆ ಹೋಗುತ್ತದೋ ಅದನ್ನು ಮೊದಲು ಹೇಳಿ ಮುಗಿಸಬೇಕು. ಎದುರಿಗೆ ಆನೆ ನಿಂತಿರುವಾಗ ಕೆರೆಯ ಇತಿಹಾಸ ಯಾರ ಕಿವಿಗೂ ಬೀಳುವುದಿಲ್ಲ.

ಬಸ್ಸಿನೊಳಗಿನ ಮಾರ್ಗದರ್ಶನ ಬೇರೆಯೇ ಒಂದು ವಿದ್ಯೆ. ಗಂಟೆಗೆ 60 ಕಿಲೋಮೀಟರ್ ವೇಗದಲ್ಲಿ ಬಸ್ಸು ಸೆಕೆಂಡಿಗೆ ಸುಮಾರು 17 ಮೀಟರ್ ಹೋಗುತ್ತದೆ. ಆರು ಸೆಕೆಂಡಿನ ಒಂದು ವಾಕ್ಯ ಮುಗಿಯುವಷ್ಟರಲ್ಲಿ 100 ಮೀಟರ್ ಹಿಂದೆ ಸರಿದಿರುತ್ತದೆ. ಹಾಗಾಗಿ ಕಾಣಿಸಿದ ಮೇಲೆ ಬಾಯಿ ತೆರೆದರೆ ಹಿಂದಿನ ಸಾಲಿನವರು ಬರಿಯ ಗೋಡೆ ನೋಡುತ್ತಾರೆ. ಸೇತುವೆ ದಾಟಿದ ಮೇಲೆ ನಿಮ್ಮ ಬಲಕ್ಕೆ ಬಿಳಿಯ ಗೋಪುರ ಬರುತ್ತದೆ ಎಂದು ಮುಂಚೆಯೇ ಹೇಳಿ, ಗೋಪುರ ಕಂಡಾಗ ಒಂದೇ ಒಂದು ವಾಕ್ಯ ಹೇಳಿ, ವಿವರವನ್ನು ದಾಟಿದ ನಂತರದ ಖಾಲಿ ರಸ್ತೆಯಲ್ಲಿ ತುಂಬಬೇಕು. ವಾಹನ ದಟ್ಟಣೆಯಲ್ಲಿ ಸಿಕ್ಕಿಕೊಂಡಾಗ ಹೇಳಲು ಸ್ಥಳಕ್ಕೆ ಸಂಬಂಧವಿಲ್ಲದ, ಆದರೆ ಪ್ರದೇಶಕ್ಕೆ ಸಂಬಂಧವಿರುವ ಏಳೆಂಟು ವಿಷಯಗಳು ಸದಾ ಸಿದ್ಧವಿರಲಿ. ಸುಮ್ಮನಿರುವುದನ್ನೂ ಅಭ್ಯಾಸ ಮಾಡಬೇಕು; ಮಧ್ಯಾಹ್ನದ ಊಟದ ನಂತರದ ಇಪ್ಪತ್ತು ನಿಮಿಷ ಮೌನವಾಗಿದ್ದ ಗೈಡನ್ನು ಯಾವ ಪ್ರವಾಸಿಯೂ ದೂರುವುದಿಲ್ಲ.

ಧ್ವನಿಯೇ ಈ ವೃತ್ತಿಯ ಉಪಕರಣ. ಕಿರುಚದೆ ಹೊಟ್ಟೆಯ ಉಸಿರಿನಿಂದ ಮಾತನಾಡಲು ರಂಗಭೂಮಿಯವರ ಬಳಿ ನಾಲ್ಕು ಪಾಠ ಕಲಿತರೆ ಬಹಳ ಕಾಲ ಬಾಳುತ್ತದೆ. ಕಿವಿ ಕೇಳದವರಿಗೆ ತುಟಿ ಕಾಣುವಂತೆ ನಿಲ್ಲುವುದು, ದೃಷ್ಟಿ ಇಲ್ಲದವರಿಗೆ ಆಕಾರ, ಅಳತೆ, ಮೇಲ್ಮೈಗಳನ್ನು ಮಾತಿನಲ್ಲಿ ಕಟ್ಟಿಕೊಡುವುದು ಮತ್ತು ಮುಟ್ಟಲು ಅನುಮತಿ ಇರುವ ಕಡೆ ಮುಟ್ಟಿಸುವುದು, ಗಾಲಿಕುರ್ಚಿಯವರಿಗಾಗಿ ಮೆಟ್ಟಿಲಿಲ್ಲದ ದಾರಿಯನ್ನು ಮೊದಲೇ ನಡೆದು ನೋಡುವುದು ಇವೆಲ್ಲ ಒಳ್ಳೆಯ ಕೋರ್ಸಿನಲ್ಲಿ ಇರಬೇಕಾದ ಪಾಠಗಳು. ಇರದಿದ್ದರೆ ಸ್ವಂತವಾಗಿ ಕಲಿಯಿರಿ.

ಸುರಕ್ಷತೆ ಮತ್ತು ಪ್ರಥಮ ಚಿಕಿತ್ಸೆ

ಪರವಾನಗಿಗೆ ಕೇಳಲಿ ಬಿಡಲಿ, ಪ್ರಥಮ ಚಿಕಿತ್ಸೆಯ ಪ್ರಮಾಣಪತ್ರ ಪಡೆಯಬೇಕು. ಸಾಮಾನ್ಯವಾಗಿ ಅದರ ಅವಧಿ ಎರಡರಿಂದ ಮೂರು ವರ್ಷ. ಕುಸಿದು ಬಿದ್ದ ವಯಸ್ಕರಿಗೆ ಪ್ರಜ್ಞೆಯೂ ಸಹಜ ಉಸಿರಾಟವೂ ಇಲ್ಲದಿದ್ದರೆ ತುರ್ತು ಸೇವೆಗೆ ಕರೆ ಮಾಡಿಸಿ, ಎದೆಯ ನಡುವೆ 5ರಿಂದ 6 ಸೆಂಟಿಮೀಟರ್ ಆಳಕ್ಕೆ, ನಿಮಿಷಕ್ಕೆ 100ರಿಂದ 120ರ ವೇಗದಲ್ಲಿ ಒತ್ತಬೇಕು, 30 ಒತ್ತುಗಳಿಗೆ 2 ಉಸಿರು ಎಂಬುದನ್ನು ಓದಿ ಕಲಿಯಲಾಗದು, ಬೊಂಬೆಯ ಮೇಲೆ ಕೈಯಾರೆ ಮಾಡಿಯೇ ಕಲಿಯಬೇಕು. ಬಿಸಿಲಿನ ಬಳಲಿಕೆ, ಕಾಲು ಉಳುಕು, ಅಲರ್ಜಿ, ಮಧುಮೇಹಿಗಳ ಸಕ್ಕರೆ ಇಳಿಕೆ ಇವು ಗೈಡಿಗೆ ಹೆಚ್ಚಾಗಿ ಎದುರಾಗುವಂಥವು. ಹೊರಡುವಾಗ, ಪ್ರತಿ ನಿಲುಗಡೆಯಿಂದ ಕದಲುವಾಗ, ವಾಹನ ಏರಿದ ಮೇಲೆ ತಲೆ ಎಣಿಸುವುದು ಉಸಿರಾಟದಷ್ಟು ಸಹಜವಾಗಬೇಕು. ಕಾಡು, ಬೆಟ್ಟ, ನೀರಿನಲ್ಲಿ ಕರೆದೊಯ್ಯುವವರಿಗೆ ಇದಿಷ್ಟೇ ಸಾಲದು. ಅವುಗಳಿಗೆ ಪ್ರತ್ಯೇಕ ತರಬೇತಿ ಮತ್ತು ಪ್ರತ್ಯೇಕ ಪ್ರಮಾಣಪತ್ರಗಳಿವೆ.

ಪರೀಕ್ಷೆಯ ದಿನ

ಲಿಖಿತ ಪರೀಕ್ಷೆಗೆ ಓದಿದರೆ ಸಾಕು. ಪ್ರಾಯೋಗಿಕ ಪರೀಕ್ಷೆಯಲ್ಲಿ ಸಾಮಾನ್ಯವಾಗಿ ಬೀದಿ, ವಾಹನ, ಕಟ್ಟಡ ಅಥವಾ ಸಂಗ್ರಹಾಲಯದಲ್ಲಿ ನಿಮ್ಮ ಸರದಿ ಎಲ್ಲಿ ಬರುತ್ತದೆಂದು ಮೊದಲೇ ಹೇಳುವುದಿಲ್ಲ. ಒಬ್ಬರು ಬಿಟ್ಟಲ್ಲಿಂದ ಇನ್ನೊಬ್ಬರು ಮುಂದುವರಿಸಬೇಕಾಗುತ್ತದೆ. ಆದ್ದರಿಂದ ಇಷ್ಟವಾದ ನಾಲ್ಕು ಜಾಗಗಳನ್ನಷ್ಟೇ ತಿದ್ದಿ ತೀಡಿಕೊಂಡು ಹೋಗುವುದು ಅಪಾಯ. ಇಡೀ ದಾರಿಯನ್ನು ಹಿಂದುಮುಂದಾಗಿ ಅಭ್ಯಾಸ ಮಾಡಿ, ಮೊಬೈಲಿನಲ್ಲಿ ನಿಮ್ಮ ಮಾತನ್ನು ಧ್ವನಿಮುದ್ರಿಸಿಕೊಂಡು ಕೇಳಿ, ‘ಅಂದರೆ’, ‘ಆಮೇಲೆ’, ‘ಆಯ್ತಾ’ ಎಂಬ ಕಳೆಗಳನ್ನು ಕಿತ್ತುಹಾಕಿ. ಈ ವಿಷಯವನ್ನು ಏನೂ ತಿಳಿಯದ ಒಬ್ಬ ಗೆಳೆಯರನ್ನು ಕರೆದೊಯ್ದು ಕೇಳಿಸಿ, ಎರಡು ದಿನ ಬಿಟ್ಟು ಅವರಿಗೆ ನೆನಪಿರುವುದೇನೆಂದು ವಿಚಾರಿಸಿದರೆ ಪರೀಕ್ಷಕರು ಏನು ಹೇಳುತ್ತಾರೆಂಬುದು ಮೊದಲೇ ತಿಳಿಯುತ್ತದೆ.

ಪರವಾನಗಿ ಕೈಗೆ ಬಂದ ಮೇಲೆ

ಹೆಚ್ಚಿನ ಮಾರ್ಗದರ್ಶಿಗಳು ಯಾರ ಸಂಬಳದಾರರೂ ಅಲ್ಲ, ದಿನಗೂಲಿಯ ಸ್ವತಂತ್ರ ವೃತ್ತಿಯವರು. ಋತು ಮುಗಿದಾಗ ಕೆಲಸ ಇರುವುದಿಲ್ಲ ಎಂಬ ಲೆಕ್ಕವನ್ನು ಮೊದಲ ವರ್ಷದಲ್ಲೇ ಹಾಕಬೇಕು. ಪ್ರವಾಸ ರದ್ದಾದರೆ ಶುಲ್ಕವೆಷ್ಟು, ನಿಗದಿತ ಗಂಟೆ ಮೀರಿದರೆ ಎಷ್ಟು, ತಂಡದಲ್ಲಿ ಗರಿಷ್ಠ ಎಷ್ಟು ಜನ, ಪ್ರವೇಶ ಶುಲ್ಕ ಯಾರದು ಎಂಬುದನ್ನು ಬರಹದಲ್ಲಿ ಒಪ್ಪಿಸಿಕೊಳ್ಳದೆ ಸಂಸ್ಥೆಗಳ ಕೆಲಸ ಹಿಡಿಯಬಾರದು. ನಿಮ್ಮ ಅಜಾಗರೂಕತೆಯಿಂದ ಯಾರಿಗಾದರೂ ಪೆಟ್ಟಾದರೆ ಅದರ ಪರಿಹಾರವನ್ನು ಭರಿಸುವ ಸಾರ್ವಜನಿಕ ಹೊಣೆಗಾರಿಕೆಯ ವಿಮೆ ಮಾಡಿಸಬೇಕು. ಅಂಗಡಿಗಳಿಗೆ ಜನರನ್ನು ಕರೆದೊಯ್ದು ಕಮಿಷನ್ ಪಡೆಯುವ ಪದ್ಧತಿ ಹಲವೆಡೆ ಇದೆ. ನಿಯಮ ಅದನ್ನು ನಿಷೇಧಿಸಿರಲಿ ಇಲ್ಲದಿರಲಿ, ಒಮ್ಮೆ ಅದಕ್ಕೆ ಒಗ್ಗಿದವರ ದಾರಿ ಕ್ರಮೇಣ ಅಂಗಡಿಗಳ ಕಡೆಗೇ ತಿರುಗುವುದನ್ನು ಕಂಡಿರುವುದರಿಂದ, ದೂರವಿರಿ ಎಂದೇ ಹೇಳುತ್ತೇನೆ.

ಸ್ಥಳೀಯ ಮಾರ್ಗದರ್ಶಿಗಳ ಸಂಘಕ್ಕೆ ಸೇರುವುದರಿಂದ ಶುಲ್ಕದ ಮಟ್ಟ, ಕಪ್ಪುಪಟ್ಟಿಗೆ ಸೇರಿಸಬೇಕಾದ ಸಂಸ್ಥೆಗಳು, ಮುಚ್ಚಿದ ರಸ್ತೆಗಳು ಇತ್ಯಾದಿ ತಿಳಿಯುವುದಲ್ಲದೆ, ಕಾಯಿಲೆ ಬಿದ್ದ ದಿನ ನಿಮ್ಮ ಬದಲು ಹೋಗುವವರೂ ಸಿಗುತ್ತಾರೆ. ಇಂಥ ಸಂಘಗಳ ಜಾಗತಿಕ ಒಕ್ಕೂಟ 1985ರಲ್ಲಿ ಹುಟ್ಟಿತು. ಅದು ತರಬೇತುದಾರರನ್ನೂ ತಯಾರು ಮಾಡುತ್ತದೆ. ಅದರ ಕರೆಯಂತೆ 1990ರಿಂದ ಫೆಬ್ರವರಿ 21ನ್ನು ಅಂತರರಾಷ್ಟ್ರೀಯ ಪ್ರವಾಸಿ ಮಾರ್ಗದರ್ಶಿಗಳ ದಿನವಾಗಿ ಆಚರಿಸುತ್ತಿದ್ದಾರೆ. ಆ ದಿನ ಹಲವು ಊರುಗಳಲ್ಲಿ ಸ್ಥಳೀಯರಿಗೆ ಉಚಿತ ಪ್ರವಾಸಗಳಿರುತ್ತವೆ; ಕಲಿಯುವವರು ಹಿರಿಯರನ್ನು ಕೇಳಲು ಅದಕ್ಕಿಂತ ಸುಲಭದ ಅವಕಾಶ ಸಿಗದು.

ಎರಡು ಮೂರು ಋತುಗಳು ಕಳೆದ ಮೇಲೆ ಪಕ್ಷಿಗಳು, ವಾಸ್ತುಶಿಲ್ಪ, ಜವಳಿ, ಯುದ್ಧಭೂಮಿ, ಮಕ್ಕಳ ಪ್ರವಾಸ ಎಂದು ಒಂದು ವಿಶೇಷ ಕ್ಷೇತ್ರವನ್ನು ಆರಿಸಿಕೊಂಡರೆ ಶುಲ್ಕವೂ ಏರುತ್ತದೆ, ಬೇಸರವೂ ತಪ್ಪುತ್ತದೆ. ಕೆಲಸವಿಲ್ಲದ ತಿಂಗಳಲ್ಲಿ ನಿಮ್ಮದೇ ದಾರಿಯನ್ನು ಕಾರ್ಡುಗಳ ಸಮೇತ ಒಬ್ಬರೇ ನಡೆದು, ಹೊಸ ಸಂಶೋಧನೆಯಿಂದ ಸುಳ್ಳಾದದ್ದನ್ನು ಹೊಡೆದುಹಾಕಿ, ಹೊಸದಾಗಿ ಬಂದ ಮೆಟ್ಟಿಲು, ಬೇಲಿ, ಮುಚ್ಚಿದ ಶೌಚಾಲಯಗಳನ್ನು ಗುರುತು ಹಾಕಿಕೊಂಡು ಬನ್ನಿ; ಪರವಾನಗಿಯ ನವೀಕರಣದ ಅರ್ಜಿಯನ್ನೂ ಆ ತಿಂಗಳಲ್ಲೇ ಹಾಕಿದರೆ ಋತು ಆರಂಭವಾಗುವ ಹೊತ್ತಿಗೆ ಕಾಗದ ಕೈಯಲ್ಲಿರುತ್ತದೆ.